ಒಡೆಯದ ಗ್ಲಾಸು

ಮೀನಿನ ಸಾರಿಗೆ ಗಾಜು ಬಿದ್ದ ಸಂಜೆ ಪಿಯುಸನ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಸಂಜೆಯ ತೆರ್ಸ್ ಪ್ರಾರ್ಥನೆ ಮುಗಿಸಿ, ಜಪಸರವನ್ನು ಮೊಳೆಗೆ ಸಿಕ್ಕಿಸಿ ಎಲ್ಲರೂ ಮೇಜಿಗೆ ಬಂದಿದ್ದರು. ಮೇಜಿನ ಗೋಡೆಗೆ ತಾಗಿದ ಬದಿಯಲ್ಲಿ ಬಂಗುಡೆ ಸಾರಿನ ಮಣ್ಣಿನ ಪಾತ್ರೆ, ಪಕ್ಕದಲ್ಲಿ ಹಬೆಯಾಡುವ ಕುಚ್ಚಲಕ್ಕಿ ಅನ್ನ. ಮಗಳು ಸಿಂಥಿಯಾ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯ ಬೆರಳುಗಳಿಂದ ತನ್ನದೇ ನಾಡಿ ಹಿಡಿದು, ವಾಚಿನ ಸೆಕೆಂಡ್ ಮುಳ್ಳನ್ನೇ ನೋಡುತ್ತಿದ್ದಳು. ಮಂಗಳೂರಿನ ನರ್ಸಿಂಗ್ ಶಾಲೆಯಲ್ಲಿ ಅವಳಿಗೆ ಅದು ಮೊದಲ ವರ್ಷ. ಮರುದಿನ ವಾರ್ಡಿನಲ್ಲಿ ರೋಗಿಗಳ ನಾಡಿ ಎಣಿಸುವುದಿತ್ತು. ವಾಚು ಅಣ್ಣ ಐವನ್ ತೆಗೆಸಿಕೊಟ್ಟದ್ದು.

“ಉಪ್ಪು,” ಎಂದ ಪಿಯುಸ್.

ಸಿಂಥಿಯಾಳ ತುಟಿ ಸಣ್ಣಗೆ ಅಲುಗುತ್ತಿತ್ತು. ಲೆಕ್ಕ ತಪ್ಪಬಾರದಿತ್ತು.

“ಉಪ್ಪು ಅಂದೆ.”

“ನಾನು ಕೊಡ್ತೇನೆ,” ಎಂದು ತಾಯಿ ಕಾರ್ಮಿನ್ ಎದ್ದಳು.

“ನೀನು ಕೂತ್ಕೊ. ಕೇಳಿದ್ದು ಅವಳ ಹತ್ತಿರ. ಊಟದ ಮೇಜಿನಲ್ಲಿ ಅಪ್ಪನಿಗಿಂತ ವಾಚು ದೊಡ್ಡದಾ?”

ಪಿಯುಸ್ ಬೋಟುಗಳ ಇಂಜಿನ್ ರಿಪೇರಿ ಮಾಡುವವನು. ಕುಡಿತವಿಲ್ಲ, ಇಸ್ಪೀಟಿಲ್ಲ. ಇಗರ್ಜಿಯ ಹಬ್ಬದ ಮೆರವಣಿಗೆಯಲ್ಲಿ ಸತ್ತಿಗೆಯ ಕೋಲು ಹಿಡಿಯಲು ಫಾದರ್ ಮೊದಲು ಕರೆಯುವುದು ಅವನನ್ನೇ. ತುಕ್ಕು ಹಿಡಿದ ನಟ್ಟನ್ನು ಬರಿಗೈಯಲ್ಲಿ ತಿರುಗಿಸಬಲ್ಲ ಆ ಕೈ ಮೇಜು ದಾಟಿ ಬಂತು. ಮಣಿಕಟ್ಟಿನಿಂದ ವಾಚು ಕಿತ್ತು ಬಂತು. ಅದು ಗೋಡೆಗೆ ಬಡಿದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಸಕ್ಕರೆ ಚೆಲ್ಲಿದಂತಹ ಸದ್ದು ಮಾತ್ರ ಕೇಳಿತು. ಗೋಡೆಯ ಕೆಳಗೇ ಸಾರಿನ ಪಾತ್ರೆ ಇತ್ತು.

“ಬಡಿಸು,” ಎಂದ ಪಿಯುಸ್, ಮತ್ತೆ ಕುಳಿತುಕೊಳ್ಳುತ್ತ.

“ಸಾರಿಗೆ ಗಾಜು ಬಿದ್ದಿದೆ.”

“ತೆಗೆದು ಹಾಕು.”

“ಕಾಣುವುದಿಲ್ಲ. ಸಣ್ಣ ಸಣ್ಣ ಚೂರು. ಯಾರ ಹೊಟ್ಟೆಗಾದರೂ ಹೋದರೆ...”

ಅವನು ಸ್ಟೀಲಿನ ತಟ್ಟೆಯನ್ನೇ ಎತ್ತಿ ಕಾರ್ಮಿನಳ ಕಿವಿಯ ಮೇಲೆ ಬಾರಿಸಿದ. ತಟ್ಟೆ ಡೊಂಕಾಯಿತು. “ದಿನವಿಡೀ ಡೀಸೆಲ್ ಕುಡಿದು ಬರುವವನಿಗೆ ಒಂದು ಹೊತ್ತಿನ ಸಾರಿಲ್ಲ ಈ ಮನೆಯಲ್ಲಿ!”

ಉಪ್ಪಳದಲ್ಲಿ ಗ್ರಿಲ್ ವೆಲ್ಡಿಂಗ್ ಮಾಡುವ ಐವನ್ ಎದ್ದ. ಎದ್ದವನು ಹಾಗೆಯೇ ಕುಳಿತ. ಪಿಯುಸನ ತಾಯಿ, ಮಕ್ಕಳು ವೊಡ್ಲಿಮಾಯ್ ಎಂದು ಕರೆಯುವ ಅಜ್ಜಿ, ಸಿಂಥಿಯಾಳ ಭುಜ ಹಿಡಿದು ಒಳಕೋಣೆಗೆ ನಡೆಸಿದಳು. ಹುಡುಗಿ ಸಣ್ಣವಳಿದ್ದಾಗ ಇಂಥ ಹೊತ್ತಿನಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು: ಏಳು ಕಡಲಿನಾಚೆಯ ದ್ವೀಪ, ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರ. ಹೊರಗೆ ಪಾತ್ರೆ ಉರುಳಿದಷ್ಟೂ ಕಥೆಯ ಸಮುದ್ರದಲ್ಲಿ ಬಿರುಗಾಳಿ ಏಳುತ್ತಿತ್ತು. ಈಗ ಹುಡುಗಿ ಬೆಳೆದಿದ್ದಳು. ಅಜ್ಜಿ ಅವಳ ಕೈಯನ್ನು ತಿರುಗಿಸಿ ನೋಡಿ, “ಬೆಲ್ಟ್ ತರಚಿದ್ದು ಮಾತ್ರ. ತೆಂಗಿನೆಣ್ಣೆ ಹಚ್ಚು ಬಾಯೆ,” ಎಂದಳು.

ಸಾರನ್ನು ಕಾರ್ಮಿನ್ ಬಾಳೆಬುಡಕ್ಕೆ ಚೆಲ್ಲಿದಳು. ಬೆಕ್ಕು ತಿನ್ನಬಾರದೆಂದು ಮೇಲೆ ಮಣ್ಣು ಮುಚ್ಚಿದಳು.

ಮರುದಿನ ವಾರ್ಡಿನಲ್ಲಿ ಸಿಂಥಿಯಾ ಬರಿಗೈಯಲ್ಲಿ ನಿಂತಳು. ಬಂದ್ಯೋಡಿನಿಂದ ಬರುವ ಗೆಳತಿ ರಸೀನಾ ತನ್ನ ಕೈಯನ್ನು ಮೆಲ್ಲನೆ ಇವಳ ಕಡೆ ಚಾಚಿ ವಾಚು ತೋರಿಸಿದಳು. ಟ್ಯೂಟರ್ ಮೇಡಂ ಅದನ್ನು ನೋಡಿಯೇ ಬಿಟ್ಟರು.

“ನಿನ್ನದೆಲ್ಲಿ?”

“ಒಡೆಯಿತು ಮೇಡಂ.”

“ವಾಚಿಲ್ಲದೆ ನಾಡಿ ಹೇಗೆ ನೋಡ್ತೀ? ಡ್ರಿಪ್ಪಿನ ಹನಿ ಹೇಗೆ ಎಣಿಸ್ತೀ? ಮೊಬೈಲ್ ವಾರ್ಡಿನೊಳಗೆ ಬಿಡುವುದಿಲ್ಲ ಅಂತ ಗೊತ್ತುಂಟಲ್ಲ. ಸೋಮವಾರ ಸೆಕೆಂಡ್ ಮುಳ್ಳಿನ ವಾಚು ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ವಾರ್ಡಿಗೆ ಬರಬೇಡ. ವಾರ್ಡಿನ ಗಂಟೆ ತುಂಬದವರಿಗೆ ಪರೀಕ್ಷೆ ಇಲ್ಲ, ಒಂದು ವರ್ಷ ಹೋಯಿತು ಅಂತ ಲೆಕ್ಕ.”

ಒಂದು ವರ್ಷ ಹೋದರೆ ಪಿಯುಸ್ ಎರಡನೇ ಸಲ ಫೀಸು ಕಟ್ಟುವವನಲ್ಲ. ಮಗಳು ಮನೆಯಲ್ಲಿ ಮಲ್ಲಿಗೆ ಕಟ್ಟಿಕೊಂಡಿದ್ದರೆ ಸಾಕು ಎಂದು ಮೊದಲೇ ಹೇಳಿದ್ದ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಪಿಯುಸ್ ಬೋಟಿನ ಕೆಲಸಕ್ಕೆ ಹೋದ ಮೇಲೆ ಹಿತ್ತಿಲ ಜಗಲಿಯಲ್ಲಿ ಮಾತಿಗೆ ಕುಳಿತರು. ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗು ಬಾಳೆಯೆಲೆಯ ಮೇಲೆ ರಾಶಿ ಬಿದ್ದಿತ್ತು. ಕಟ್ಟಿದ ಹೂವಿನ ಚೆಂಡುಗಳನ್ನು ಮಂಗಳೂರು ಬಸ್ಸಿಗೆ ಹಾಕಿ ಕಳಿಸಬೇಕಿತ್ತು. ಬಾಳೆನಾರು ಹಲ್ಲಿನಲ್ಲಿ ಕಚ್ಚಿಕೊಂಡೇ ಕಾರ್ಮಿನ್ ಹೇಳಿದಳು: “ಹೂವಿನ ದುಡ್ಡು ಸ್ವಲ್ಪ ಉಂಟು. ಹೊಸದೇ ತೆಗೆಯುವಾ.”

“ಬೆಲ್ಟ್ ಗಟ್ಟಿ ಇರ್ಲಿ,” ಎಂದಳು ವೊಡ್ಲಿಮಾಯ್. “ಎಳೆದರೆ ಬರಬಾರದು.”

“ಬೆಲ್ಟ್ ಗಟ್ಟಿ ಇದ್ದರೆ ಕೈಯೇ ಬರ್ತದೆ,” ಎಂದ ಐವನ್.

ಎಲ್ಲರೂ ನಕ್ಕರು. ಒಂದು ಕಿವಿ ಊದಿಕೊಂಡಿದ್ದ ಕಾರ್ಮಿನ್ ಕೂಡ ನಕ್ಕಳು.

“ಮುಖ್ಯ ಇರುವುದು ಗ್ಲಾಸಿನಲ್ಲಿ,” ಎಂದು ಐವನ್ ಮುಂದುವರಿಸಿದ. “ನಮ್ಮ ಶಾಪಿಗೆ ಬರುವ ಒಬ್ಬರ ಕೈಯಲ್ಲಿ ಸಫಾಯರ್ ಗ್ಲಾಸಿನದ್ದುಂಟು. ಕಬ್ಬಿಣದ ಪುಡಿ ತಾಗಿದರೂ ಒಂದು ಗೀರಿಲ್ಲ. ವಜ್ರ ಬಿಟ್ಟರೆ ಅದೇ ಗಟ್ಟಿಯಂತೆ.”

“ಕ್ರಯ?” ಎಂದಳು ಸಿಂಥಿಯಾ.

“ಜಾಸ್ತಿ. ಆದ್ರೆ ಒಂದೇ ಸಲ ಅಲ್ವಾ?”

“ಇದೂ ಒಂದೇ ಸಲ ಅಂತಲೇ ತೆಗೆದದ್ದು,” ಎಂದಳು ಕಾರ್ಮಿನ್.

“ಮೇಲೆ ಹಿತ್ತಾಳೆ ಮುಚ್ಚಳ ಇರುವಂಥದ್ದು ಇಲ್ವಾ? ನನ್ನ ಅಪ್ಪನ ಹತ್ತಿರ ಇತ್ತು, ಡಬ್ಬಿಯ ಹಾಗೆ,” ಎಂದಳು ಅಜ್ಜಿ.

“ಅದು ಕಿಸೆಯದ್ದು ವೊಡ್ಲಿಮಾಯ್. ಅಷ್ಟು ಹಳತನ್ನು ಮ್ಯೂಸಿಯಮ್ಮಿನಲ್ಲಿ ಕೇಳಬೇಕು.”

ಹೀಗೆ ಮಾತು ಸಾಗಿತು. ಎಸೆಯುವ ಕೈಯ ವಿಷಯ ಮಾತ್ರ ಯಾರ ಬಾಯಿಗೂ ಬರಲಿಲ್ಲ. ಕೊಡೆ ಆರಿಸಲು ಕುಳಿತವರು ಮಳೆಯನ್ನು ನಿಲ್ಲಿಸುವ ಮಾತಾಡುವುದಿಲ್ಲವಲ್ಲ, ಹಾಗೆ.

ಕಾರ್ಮಿನ್, ಐವನ್, ಸಿಂಥಿಯಾ ಮೂವರೂ ಹೋದದ್ದು ಹೊಸಂಗಡಿಯ ಪುರುಷೋತ್ತಮನ ವಾಚಿನಂಗಡಿಗೆ. ಮಾತಿನ ಮನುಷ್ಯ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಅವನ ಮಾತು ಇಳಿದು ಬರುತ್ತಿತ್ತು.

“ಬನ್ನಿ ಬಾಯಮ್ಮ. ನಿಮ್ಮ ಯಜಮಾನರು, ಪೊರ್ಬುಗಳು, ಸೌಖ್ಯವಾ? ಎಂತ, ಸೆಲ್ ಹಾಕ್ಲಿಕ್ಕಾ?”

“ಹೊಸದು ಬೇಕು. ಮಗಳಿಗೆ. ಸೆಕೆಂಡ್ ಮುಳ್ಳು ಇರಬೇಕು. ಕ್ರಯ ಹೆಚ್ಚು ಆಗಬಾರದು.”

ಅವನು ಮೂರು ವಾಚುಗಳನ್ನು ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ. ಬೀಗದ ಕೈ ತೆಗೆದು ಒಂದರ ಮುಖದ ಮೇಲೆ ಜೋರಾಗಿ ಎಳೆದ. ಸಿಂಥಿಯಾ ಉಸಿರು ಹಿಡಿದಳು.

“ನೋಡಿ, ಎಂತ ಆಯ್ತು? ಎಂತದೂ ಇಲ್ಲ. ಇದು ಸಫಾಯರ್.” ಒಂದು ಹನಿ ನೀರು ಬಿಟ್ಟ. ಹನಿ ಕೆಸುವಿನೆಲೆಯ ಮೇಲಿದ್ದಂತೆ ಗುಂಡಗೆ ನಿಂತಿತು. “ನಡುವಿನದು ಮಿನರಲ್. ಎಲ್ಲರೂ ಕಟ್ಟುವಂಥದ್ದು, ಮೊದಲು ನಿಮ್ಮ ಹುಡುಗ ತಗೊಂಡದ್ದೂ ಅದೇ. ಬೀಗದ ಕೈಗೆಲ್ಲ ಹೆದರುವುದಿಲ್ಲ, ಮರಳಿಗೆ ಸ್ವಲ್ಪ ಹೆದರ್ತದೆ. ಈ ಕಡೆಯದು ಅಕ್ರಿಲಿಕ್. ಪ್ಲಾಸ್ಟಿಕ್ ಅಂತಲೇ ಇಟ್ಟುಕೊಳ್ಳಿ. ಅಂಗಿಯ ಬಟನ್ ತಾಗಿದರೂ ಗೀರು. ತಿಂಗಳಾಗುವಾಗ ಮುದುಕರ ಕಣ್ಣಿಗೆ ಪೊರೆ ಬಂದ ಹಾಗೆ ಕಾಣ್ತದೆ.”

“ಬಿದ್ದರೆ?” ಎಂದಳು ಕಾರ್ಮಿನ್.

“ನೆಲಕ್ಕಾ?”

“ಗೋಡೆಗೆ.”

“ಗೋಡೆಗೆ ವಾಚು ಬೀಳುವುದು ಹೇಗೆ ಬಾಯಮ್ಮ?”

“ಬಿಸಾಡಿದರೆ,” ಎಂದ ಐವನ್, ಬೀದಿಯ ಕಡೆ ನೋಡುತ್ತ.

ಪುರುಷೋತ್ತಮ ಮೂವರ ಮುಖವನ್ನೂ ನೋಡಿ, ತಮಾಷೆಯಿರಬೇಕೆಂದು ನಕ್ಕ. “ವಾಚು ಬಿಸಾಡುವುದು ಯಾರು ಮಾರಾಯ? ಹಾಗೆ ಕೇಳಿದರೆ ಸಫಾಯರ್ ಗೀರಿಗೆ ಮಾತ್ರ ಗಟ್ಟಿ. ಜೋರು ಪೆಟ್ಟು ಬಿದ್ದರೆ ಅದೂ ಚೂರು. ಮಿನರಲ್ಲೂ ಚೂರು. ಪ್ಲಾಸ್ಟಿಕ್ ಸ್ವಲ್ಪ ಬಗ್ಗುತ್ತದೆ, ಹಾಗಾಗಿ ಉಳೀತದೆ. ಕ್ರಯವೂ ಕಮ್ಮಿ. ಆದ್ರೆ ನರ್ಸಮ್ಮನ ಕೈಗೆ ಪ್ಲಾಸ್ಟಿಕ್ಕಾ? ನಾಳೆ ಡಾಕ್ಟರು ನಗಾಡಬಾರದು.”

“ನಗಾಡಲಿ. ಅದನ್ನೇ ಕೊಡಿ,” ಎಂದಳು ಕಾರ್ಮಿನ್.

ಅದು ನಿಜವಾಗಿಯೂ ಉಳಿಯಿತು. ಒಂದು ಸಂಜೆ ಬಸ್ಸು ತಡವಾಗಿ ಸಿಂಥಿಯಾ ಕತ್ತಲಾಗುವ ಹೊತ್ತಿಗೆ ಬಂದಾಗ ಪಿಯುಸ್ ವಾಚು ಬಿಚ್ಚಿಸಿ ಬಟ್ಟೆ ಒಗೆಯುವ ಕಲ್ಲಿಗೆ ಎಸೆದ. ವಾಚು ಕಲ್ಲಿನಿಂದ ಪುಟಿದು ಹಂದಿಯ ಕಲಗಚ್ಚಿನ ಬಕೆಟ್ಟಿಗೆ ಬಿತ್ತು. ಅವನು ಒಳಗೆ ಹೋದ ಮೇಲೆ ಐವನ್ ಅಂಗಿಯ ತೋಳು ಮಡಚಿ ಕೈ ಹಾಕಿ ತೆಗೆದ, ಪಂಚೆಯ ಅಂಚಿನಲ್ಲಿ ಒರೆಸಿ ಕಿವಿಗಿಟ್ಟ.

“ಓಡ್ತಾ ಉಂಟು!”

“ಮೆಲ್ಲ,” ಎಂದಳು ವೊಡ್ಲಿಮಾಯ್. ಆದರೆ ಅವಳ ಭುಜ ನಗುವಿಗೆ ಕುಲುಕುತ್ತಿತ್ತು.

ವಾಚಿನ ಮುಖದ ತುಂಬ ಗೀರು ಬಿದ್ದಿತ್ತು. ಐವನ್ ಬೆರಳಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಿಕೊಂಡು ಗ್ಲಾಸಿನ ಮೇಲೆ ಸುತ್ತ ಸುತ್ತ ಉಜ್ಜುತ್ತ ಕುಳಿತ. ಉಜ್ಜಿದ ಹಾಗೆ ಮಂಜು ಸರಿದು, ಒಳಗಿನಿಂದ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಆ ಹೊತ್ತಿನಲ್ಲಿ ಅವನ ಮುಖ ಮಗುವಿನ ಮುಖದ ಹಾಗಿತ್ತು.

“ಇದೊಂದು ಗುಣ ನೋಡು ಸಿಂಥಿ. ಬೇರೆ ಗ್ಲಾಸಿನ ಗೀರು ಹೀಗೆ ಹೋಗುವುದಿಲ್ಲ.”

ಇನ್ನೊಂದು ದಿನ ಗಂಜಿ ತಣ್ಣಗಿತ್ತೆಂದು ಮಾತು ಎದ್ದಿತು. ಕೈಗೆ ಸಿಕ್ಕಿದ್ದು ಕಿಟಕಿಯಲ್ಲಿದ್ದ ವಾಚು. ಪಿಯುಸ್ ಅದನ್ನು ಎಸೆದದ್ದು ಕಾರ್ಮಿನಳ ಮುಖಕ್ಕೆ. ಹುಬ್ಬು ಸೀಳಿ ರಕ್ತ ಕಣ್ಣಿನೊಳಗೆ ಇಳಿಯಿತು. ಸಿಂಥಿಯಾ ಓಡಿ ಬಂದು ಬಟ್ಟೆ ಒತ್ತಿ ಹಿಡಿದಳು. ಒಂದು ಕಣ್ಣು ಮುಚ್ಚಿಕೊಂಡ ಕಾರ್ಮಿನ್ ಮೊದಲು ಕೇಳಿದ್ದು, “ಒಡೆಯಿತಾ?”

“ಇಲ್ಲ ಮಮ್ಮಿ.”

“ದೇವರು ದೊಡ್ಡವನು.”

ಹುಬ್ಬಿಗೆ ಹೊಲಿಗೆ ಹಾಕಿಸಲು ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರು. ಇಂಥದಕ್ಕೆ ಮಂಜೇಶ್ವರದಲ್ಲಾಗಲಿ ಕುಂಬಳೆಯಲ್ಲಾಗಲಿ ಕಾರ್ಮಿನ್ ಯಾವತ್ತೂ ಡಾಕ್ಟರ ಹತ್ತಿರ ಹೋದವಳಲ್ಲ. ಅಲ್ಲಿ ಇಗರ್ಜಿಯವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಗಡಿಯಾಚೆ, ಪ್ರತಿಸಲವೂ ಬೇರೆ ಬೇರೆ ಕ್ಲಿನಿಕ್ಕು. ಹೇಳುವುದು ಮಾತ್ರ ಒಂದೇ: ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ.

ವಾರ್ಡಿನಲ್ಲಿ ಸಿಂಥಿಯಾಳ ಲೆಕ್ಕ ತಪ್ಪುತ್ತಿರಲಿಲ್ಲ. ಟ್ಯೂಟರ್ ಮೇಡಂ ತಾವೇ ರೋಗಿಯ ಇನ್ನೊಂದು ಕೈ ಹಿಡಿದು ಎಣಿಸಿ, “ಸರಿ ಉಂಟು,” ಎನ್ನುತ್ತಿದ್ದರು. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ರಸೀನಾ ಮಾತ್ರ ಗೆಳತಿಯ ಕೈ ಎತ್ತಿ ಬೆಳಕಿಗೆ ಹಿಡಿದು ಗೇಲಿ ಮಾಡುತ್ತಿದ್ದಳು.

“ಎಂತ ಮಾರಾಯ್ತಿ, ಇದರ ಮೇಲೆ ಕೋಳಿ ಕೆದಕಿದ್ದಾ? ನನ್ನ ಮಾಮ ದುಬೈಯಿಂದ ತಂದದ್ದು ನೋಡು, ಸಫಾಯರ್. ನಿನಗೂ ಒಂದು ತರಿಸುವಾ?”

“ನಮ್ಮ ಮನೆಗೆ ಅದು ಆಗುವುದಿಲ್ಲ.”

“ಯಾಕೆ? ಮನೆಗೆ ಕಟ್ಟುವುದಾ, ಕೈಗಾ?”

ಸಿಂಥಿಯಾ ನಕ್ಕು ಬೇರೆ ಮಾತೆತ್ತಿದಳು.

ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಉಳಿದವರು ಮನೆಗೆ ಬಂದರು. ಪಿಯುಸ್ ಹಂದಿಮಾಂಸ ತರಲು ಹೊಸಂಗಡಿಗೆ ಹೋದ. ಅಲ್ಲಿ ಚಹಾದಂಗಡಿಯ ಬೆಂಚಿನಲ್ಲಿ ಪುರುಷೋತ್ತಮ ನಾಲ್ಕು ಜನರ ನಡುವೆ ಕುಳಿತಿದ್ದ.

“ಓ ಪೊರ್ಬುಗಳೇ! ವಾಚು ಹೇಗುಂಟು? ಇವರಿಗೆಲ್ಲ ಅದನ್ನೇ ಹೇಳ್ತಿದ್ದೆ. ಗೋಡೆಗೆ ಬಿಸಾಡಿದರೂ ಒಡೆಯದ್ದು ಬೇಕು ಅಂತ ನಿಮ್ಮ ಬಾಯಮ್ಮ ಕೇಳಿದ್ದು! ಇಷ್ಟು ವರ್ಷದಲ್ಲಿ ಅಂಥ ಗಿರಾಕಿ ನಾನು ನೋಡ್ಲಿಲ್ಲ.”

ಬೆಂಚಿನವರು ನಕ್ಕರು. ಒಬ್ಬ ಮಾತ್ರ ನಗದೆ ಪಿಯುಸನ ಕೈಯನ್ನು ನೋಡಿದ. ಪಿಯುಸ್ ತಾನೂ ನಕ್ಕ. ಎಲ್ಲರ ಚಹಾದ ದುಡ್ಡು ಕೊಟ್ಟು, ಮಾಂಸದ ಪ್ಲಾಸ್ಟಿಕ್ ತೊಟ್ಟೆ ಹಿಡಿದು ಮನೆಗೆ ನಡೆದ.

ಮನೆಯ ಅಡಿಗೆಕೋಣೆಯಲ್ಲಿ ಇಡ್ಲಿಯಂಥ ಸನ್ನಗಳು ಹಬೆಯಲ್ಲಿ ಉಬ್ಬುತ್ತಿದ್ದವು. ಹಿತ್ತಿಲ ಜಗಲಿಯ ಅರೆಯುವ ಕಲ್ಲಿನಲ್ಲಿ ಕಾರ್ಮಿನ್ ಮೆಣಸು, ಹುಳಿ, ಬೆಳ್ಳುಳ್ಳಿ ಅರೆಯುತ್ತಿದ್ದಳು. ಸಿಂಥಿಯಾ ಪಕ್ಕದಲ್ಲಿ ನೀರುಳ್ಳಿ ಹೆಚ್ಚುತ್ತಿದ್ದಳು. ಪಿಯುಸ್ ತೊಟ್ಟೆಯನ್ನು ಕೆಳಗಿಟ್ಟ.

“ವಾಚು ಎಲ್ಲಿ?”

“ಕೈಯಲ್ಲಿ ಉಂಟು ಪಪ್ಪಾ.”

“ಒಡೆಯುವುದಿಲ್ಲವಂತೆ?”

ಸಿಂಥಿಯಾ ತಾಯಿಯನ್ನು ನೋಡಿದಳು.

“ಊರಿಗಿಡೀ ಗೊತ್ತುಂಟು. ಚಹಾದಂಗಡಿಯವರಿಗೆ ಗೊತ್ತುಂಟು. ಪಿಯುಸನ ಮನೆಗೆ ಒಡೆಯದ ವಾಚು ಬೇಕು. ಯಾರು ಕೇಳಿದ್ದು ಹಾಗೆ? ನೀನಾ? ನಿನ್ನ ತಾಯಿಯಾ?”

“ನಾನು,” ಎಂದಳು ಕಾರ್ಮಿನ್, ಮಸಾಲೆಯ ಕೈಯಲ್ಲೇ ಏಳುತ್ತ. “ಅವಳಿಗೆ ಗೊತ್ತಿಲ್ಲ. ಬಿಡಿ ಅವಳನ್ನು.”

ಅವನು ಮೊಣಕೈಯಿಂದ ಕಾರ್ಮಿನಳ ಎದೆಗೆ ಗುದ್ದಿದ. ಅವಳು ನೀರಿನ ಕೊಡದ ಮೇಲೆ ಬಿದ್ದಳು. ಮಗಳ ಎಡಗೈ ಹಿಡಿದು ಎಳೆದು ಅರೆಯುವ ಕಲ್ಲಿನ ಮೇಲೆ ಒತ್ತಿದ. ಕೆಂಪು ಮಸಾಲೆ ವಾಚಿನ ಬೆಲ್ಟಿಗೆ ಮೆತ್ತಿತು.

“ಬೇಡ ಪಪ್ಪಾ! ಬಿಚ್ಚಿ ಕೊಡ್ತೇನೆ, ಬಿಚ್ಚಿ...”

“ಬಿಚ್ಚುವುದು ಯಾಕೆ? ನೋಡುವಾ.”

ಇನ್ನೊಂದು ಕೈಯಲ್ಲಿ ಗುಂಡುಕಲ್ಲನ್ನು ಎತ್ತಿ ಬಡಿದ. ಮೊದಲ ಪೆಟ್ಟಿಗೆ ಸಿಂಥಿಯಾ ಕಿರುಚಿದಳು. ಎರಡನೆಯದಕ್ಕೆ ಹಸಿ ಕಟ್ಟಿಗೆ ಮುರಿದಂತಹ ಸದ್ದಾಯಿತು, ಅವಳ ಕಿರುಚು ನಿಂತಿತು. ಅವನು ಬಗ್ಗಿ ವಾಚನ್ನು ನೋಡಿದ. ಗ್ಲಾಸು ಬೆಳ್ಳಗಾಗಿತ್ತು, ಒಡೆದಿರಲಿಲ್ಲ. ಅದರ ಎರಡೂ ಬದಿಗೆ ಕೈ ಬೇರೆ ಬೇರೆ ದಿಕ್ಕಿಗೆ ತಿರುಗಿತ್ತು. ಅವನು ಮೂರನೆಯ ಸಲ ಕಲ್ಲೆತ್ತಿದ.

ಅಷ್ಟರಲ್ಲಿ ಐವನ್ ಬಂದಿದ್ದ. ಈ ಸಲ ಅವನು ನಿಲ್ಲಲಿಲ್ಲ. ಹಿಂದಿನಿಂದ ಅಪ್ಪನ ಕುತ್ತಿಗೆಗೆ ತೋಳು ಸುತ್ತಿ ಎಳೆದ. ಇಬ್ಬರೂ ಜಗಲಿಯಿಂದ ಅಂಗಳಕ್ಕೆ ಉರುಳಿದರು. ಪಿಯುಸ್ ಮಗನ ಬಾಯಿಗೆ ತಲೆಯಿಂದ ಗುದ್ದಿದ. ಹಲ್ಲೊಂದು ಹೋಯಿತು. ಐವನ್ ರಕ್ತ ಉಗುಳಿ ಅಪ್ಪನ ಎದೆಯ ಮೇಲೆ ಕುಳಿತು ಮುಷ್ಟಿಯಿಂದ ಹೊಡೆದ, ಮತ್ತೆ ಹೊಡೆದ. ಮೂಗು, ತುಟಿ, ನೆಲ, ಎಲ್ಲಿ ಬೀಳುತ್ತದೆಂದು ನೋಡದೆ ಹೊಡೆದ. ಕೋಳಿಗಳು ಬೇಲಿಯತ್ತ ಚದುರಿದವು.

“ಹೆತ್ತವನ ಮೇಲೆ ಕೈಯಾ! ಹುಳ ಬೀಳ್ತದೆ ಆ ಕೈಗೆ!” ವೊಡ್ಲಿಮಾಯ್ ಊರುಗೋಲಿನಿಂದ ಮೊಮ್ಮಗನ ಬೆನ್ನಿಗೆ ಬಾರಿಸಿದಳು. “ಬಿಡೋ, ನನ್ನ ಮಗ ಸಾಯ್ತಾನೆ!”

“ಐವನ್, ಬಿಡು ಪುತಾ,” ಎಂದಳು ಕಾರ್ಮಿನ್. ಅವಳು ಎದ್ದು ಮಗಳ ಹತ್ತಿರ ಬಂದಿದ್ದಳು. “ರಿಕ್ಷಾ ಕರೆ. ಕೈ ಮುರಿದಿದೆ.”

ಐವನ್ ಓಡಿದ. ಪಿಯುಸ್ ನಿಧಾನವಾಗಿ ಎದ್ದು ಜಗಲಿಯ ಅಂಚಿಗೆ ಕುಳಿತ, ಮೂಗಿಗೆ ಅಂಗಿ ಒತ್ತಿಕೊಂಡ. ರಿಕ್ಷಾದ ಬಾಗಿಲಿನವರೆಗೂ ವೊಡ್ಲಿಮಾಯ್ ಸೊಸೆಯ ಸೆರಗು ಹಿಡಿದು ಬಂದಳು.

“ಬಾವಿಕಟ್ಟೆಯಲ್ಲಿ ಜಾರಿದ್ದು ಅಂತ ಹೇಳು. ಕೇಳ್ತಾ ಕಾರ್ಮಿನ್? ಕೋಪದಲ್ಲಿ ಆಗಿಹೋಯಿತು. ಅವನ ಮರ್ಯಾದೆ ಹೋದರೆ ನಮ್ಮೆಲ್ಲರದ್ದೂ ಹೋಯಿತು.”

ಕಾರ್ಮಿನ್ ಸೆರಗು ಎಳೆದುಕೊಂಡಳು.

ಕರೆದೊಯ್ದದ್ದು ಸಿಂಥಿಯಾ ಕಲಿಯುವ ಆಸ್ಪತ್ರೆಗೇ. ಕೈಯಿಂದ ವಾಚಿನ ಬೆಲ್ಟನ್ನು ಕತ್ತರಿಸಿ ತೆಗೆದರು. ಡಾಕ್ಟರು ಎಕ್ಸ್‌ರೇ ನೋಡಿ, ಕೈಯ ಮೇಲೆ ವಾಚಿನ ದುಂಡಗಿನ ಅಚ್ಚು ನೀಲಿಯಾಗಿ ಮೂಡಿದ್ದನ್ನೂ ನೋಡಿದರು. ಸುದ್ದಿ ಕೇಳಿ ಟ್ಯೂಟರ್ ಮೇಡಂ ಹಾಸ್ಟೆಲಿನಿಂದ ಇಳಿದು ಬಂದಿದ್ದರು.

“ಇದು ಹೇಗಾಯಿತು?”

“ಜಾರಿ ಬಿದ್ದೆ ಮೇಡಂ,” ಎಂದಳು ಸಿಂಥಿಯಾ ತಕ್ಷಣ. “ಬಾವಿಕಟ್ಟೆಯಲ್ಲಿ.” ಅವಳ ಕೂದಲಿನಲ್ಲಿ ಇನ್ನೂ ನೀರುಳ್ಳಿ ಸಿಪ್ಪೆ ಇತ್ತು.

ಮೇಡಂ ಅವಳ ಬೆರಳುಗಳನ್ನು ನೋಡಿದರು. ಉಗುರಿನ ಸಂದಿಯಲ್ಲೆಲ್ಲ ಮಸಾಲೆ. “ಜಾರಿ ಬಿದ್ದದ್ದಾದರೆ ಮಾಮೂಲಿ ರಜೆ. ಪ್ಲಾಸ್ಟರ್ ತೆಗೆಯುವಾಗ ವಾರ್ಡಿನ ಗಂಟೆ ಕಮ್ಮಿ ಬೀಳ್ತದೆ. ಈ ವರ್ಷದ ಪರೀಕ್ಷೆ ಇಲ್ಲ.” ಸ್ವಲ್ಪ ತಡೆದು ಕಾರ್ಮಿನಳ ಕಡೆ ತಿರುಗಿದರು. “ಯಾರಾದರೂ ಹೊಡೆದದ್ದಾದರೆ ಬೇರೆ. ಡಾಕ್ಟರು ಪೊಲೀಸಿಗೆ ತಿಳಿಸಬೇಕು. ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡ್ತೇನೆ. ಇಲ್ಲೇ ಹಾಸ್ಟೆಲಿನಲ್ಲಿ ಇರಿಸಿಕೊಂಡು ಒಂದು ಕೈಯಲ್ಲಿ ಮಾಡಬಹುದಾದ ಕೆಲಸ ಕೊಟ್ಟು ಗಂಟೆ ತುಂಬಿಸಬಹುದು. ಆದ್ರೆ ಸುಳ್ಳಿನ ಮೇಲೆ ನಾನು ಯಾರನ್ನೂ ಕೇಳಲಾರೆ.”

“ಜಾರಿ ಬಿದ್ದದ್ದೇ,” ಎಂದಳು ಸಿಂಥಿಯಾ ಮತ್ತೊಮ್ಮೆ, ತಾಯಿಗೆ ಸಹಾಯ ಮಾಡುವವಳಂತೆ. “ಅಲ್ವಾ ಮಮ್ಮಿ?”

ಕಾರ್ಮಿನಳ ಹುಬ್ಬಿನ ಹೊಲಿಗೆಯ ಗುರುತು ಇನ್ನೂ ಗುಲಾಬಿ ಬಣ್ಣದಲ್ಲಿತ್ತು. ಅವಳು ಮಂಚದ ಕಬ್ಬಿಣವನ್ನು ಹಿಡಿದುಕೊಂಡಳು.

“ಅಲ್ಲ. ಅವಳಪ್ಪ ಹೊಡೆದದ್ದು. ಅರೆಯುವ ಕಲ್ಲಿನ ಮೇಲಿಟ್ಟು, ಗುಂಡುಕಲ್ಲಿನಿಂದ. ನಾನು ಅಲ್ಲೇ ಇದ್ದೆ.”

ಸಿಂಥಿಯಾ ಅಳತೊಡಗಿದಳು. ಕೈ ಮುರಿದಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಆಸ್ಪತ್ರೆಯ ಪೊಲೀಸ್ ಚೌಕಿಯವನು ಬರೆದುಕೊಂಡು, ಪೆನ್ನಿನ ಟೊಪ್ಪಿ ಹಾಕುತ್ತ ಹೇಳಿದ: “ಆದದ್ದು ಕೇರಳದಲ್ಲಿ. ನಾವು ಮಂಜೇಶ್ವರ ಸ್ಟೇಷನ್ನಿಗೆ ಕಳಿಸ್ತೇವೆ. ಅಲ್ಲಿಯವರು ಬರ್ತಾರೆ ಬಾಯಮ್ಮ. ನಾಳೆ ಮನಸ್ಸು ಬದಲಾಯಿಸಬೇಡಿ. ಎಲ್ಲರೂ ಹಾಗೇ ಮಾಡುವುದು.”

“ನಾಳೆ ನಾನೇ ಹೋಗ್ತೇನೆ,” ಎಂದಳು ಕಾರ್ಮಿನ್.

ಹೋದಳು ಕೂಡ. ಜೀಪು ಬಂದು ಪಿಯುಸನನ್ನು ಕರೆದುಕೊಂಡು ಹೋಯಿತು. ಬೇಲಿಯ ಬದಿಯಲ್ಲಿ ಊರು ನಿಂತು ನೋಡಿತು. ಫಾದರ್ ಬಂದು ಚಹಾ ಕುಡಿದು, “ಸಂಸಾರ ಅಂದ ಮೇಲೆ ಹೊಂದಾಣಿಕೆ ಬೇಕು ಕಾರ್ಮಿನ್ ಬಾಯ್,” ಎಂದರು. “ಹೊಂದಿಸಿಯೇ ಇಲ್ಲಿಯವರೆಗೆ ಬಂದದ್ದು ಫಾದರ್,” ಎಂದಳು ಅವಳು. ಜಾಮೀನು ಸಿಕ್ಕಿ ಪಿಯುಸ್ ತಿರುಗಿ ಬಂದ. ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕಿತ್ತು. ಬೋಟಿನವರು ಮೊದಲಿನಂತೆ ಕೆಲಸಕ್ಕೆ ಕರೆದರು. ಹಬ್ಬದ ಸತ್ತಿಗೆಗೆ ಮಾತ್ರ ಬೇರೆಯವರು ಸಿಕ್ಕಿದರು. ವೊಡ್ಲಿಮಾಯ್ ಸೊಸೆಯ ಕೂಡೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಗೋಡೆಯ ಕಡೆ ತಿರುಗಿ ಕೇಳುತ್ತಿದ್ದಳು.

ಸಿಂಥಿಯಾ ಹಾಸ್ಟೆಲಿನಲ್ಲಿ ಉಳಿದಳು. ಕೊರಳಿಗೆ ಕೈ ತೂಗುಹಾಕಿಕೊಂಡು ಜ್ವರದ ಚಾರ್ಟು ಬರೆದಳು, ಔಷಧದ ಟ್ರೇ ಜೋಡಿಸಿದಳು. ಬೆಲ್ಟಿಲ್ಲದ ವಾಚನ್ನು ಸೇಫ್ಟಿ ಪಿನ್ನಿನಲ್ಲಿ ಯೂನಿಫಾರ್ಮಿನ ಎದೆಗೆ ಸಿಕ್ಕಿಸಿಕೊಂಡಿದ್ದಳು. ರಸೀನಾ ಅದನ್ನು ಗೇಲಿ ಮಾಡುವುದನ್ನು ಬಿಟ್ಟಿದ್ದಳು. ಪ್ರತಿ ಶನಿವಾರ ಕಾರ್ಮಿನ್ ಹೂವಿನ ಬುಟ್ಟಿಯ ಜೊತೆಗೆ ಒಣಮೀನಿನ ಚಟ್ನಿ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದಳು. ಪ್ಲಾಸ್ಟರ್ ತೆಗೆದಾಗ ಕೈ ಸ್ವಲ್ಪ ಡೊಂಕಾಗಿಯೇ ಕೂಡಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ಪಿಯುಸ್ ಊಟಕ್ಕೆ ಬಂದ. ಅನ್ನ, ಬಸಳೆ ಸಾರು, ಹುರಿದ ಬೂತಾಯಿ ಮೀನು. ಕಾರ್ಮಿನ್ ಬಡಿಸಿ ಪಕ್ಕಕ್ಕೆ ನಿಂತಳು. ಐವನ್ ಎದುರಿಗೆ ಕುಳಿತು ಉಣ್ಣುತ್ತಿದ್ದ. ಹಲ್ಲು ಹೋದ ಜಾಗದಿಂದಾಗಿ ಅವನು ಈಗ ಒಂದೇ ಬದಿಯಲ್ಲಿ ಅಗಿಯುತ್ತಿದ್ದ. ವೊಡ್ಲಿಮಾಯ್ ಮಣೆಯ ಮೇಲೆ ಕುಳಿತಿದ್ದಳು.

“ಅವಳು ಎಲ್ಲಿದ್ದಾಳೆ?” ಎಂದ ಪಿಯುಸ್. ಮಗಳ ಮಾತನ್ನು ಅವನು ಎತ್ತಿದ್ದು ಇದೇ ಮೊದಲು.

“ಪರೀಕ್ಷೆಗೆ ಕೂತಿದ್ದಾಳೆ.”

“ಯಾರನ್ನು ಕೇಳಿ?”

“ಯಾರನ್ನೂ ಕೇಳಲಿಲ್ಲ.”

“ಮನೆಗೆ ಯಾವಾಗ ಬರ್ತಾಳೆ?”

“ಬರುವುದಿಲ್ಲ. ಕೋರ್ಸ್ ಮುಗಿಯುವವರೆಗೆ ಅಲ್ಲೇ. ನಾನೇ ಹೇಳಿದ್ದು.”

ಪಿಯುಸ್ ತಟ್ಟೆಯನ್ನು ಎತ್ತಿ ನೆಲಕ್ಕೆ ಬಡಿದ. ಅನ್ನ ಬಾಗಿಲಿನವರೆಗೂ ಚೆಲ್ಲಿತು, ಸಾರು ಗೋಡೆಗೆ ಹಾರಿತು. ಕುರ್ಚಿ ಹಿಂದಕ್ಕೆ ಉರುಳಿಸಿ ಎದ್ದು ಕೈಯೆತ್ತಿದ. ಕಾರ್ಮಿನ್ ಮುಖ ತಿರುಗಿಸಲಿಲ್ಲ. ಐವನ್ ಬೆರಳು ತೊಳೆಯದೆ ಎದ್ದು ನಿಂತ.

ಎತ್ತಿದ ಕೈ ಮೇಲೆಯೇ ಇತ್ತು.

ವೊಡ್ಲಿಮಾಯ್ ಮಣೆಯಿಂದ ಇಳಿದು, ನೆಲಕ್ಕೆ ಕೈಯೂರಿ, ಅನ್ನದ ಅಗುಳುಗಳನ್ನು ಸೆರಗಿಗೆ ಹೆಕ್ಕತೊಡಗಿದಳು.

“ಮಾಯ್, ನೀವು ಏಳಿ,” ಎಂದಳು ಕಾರ್ಮಿನ್. “ನಾನೂ ಹೆಕ್ಕುವುದಿಲ್ಲ.”

ಮುದುಕಿ ತಲೆಯೆತ್ತಿ ಸೊಸೆಯನ್ನು ನೋಡಿದಳು. ಮೊಮ್ಮಗನ ಬಾಯಿಯನ್ನು ನೋಡಿದಳು. ಮಗನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಲ್ಲಿದ್ದ ಅನ್ನವನ್ನು ಮತ್ತೆ ನೆಲಕ್ಕೇ ಬಿಟ್ಟು, ಸೊಸೆಯ ಕೈ ಹಿಡಿದುಕೊಂಡು ಎದ್ದು ನಿಂತಳು.

“ಪಿಯುಸ್, ಹೆಕ್ಕು,” ಎಂದಳು.

ಮೂವರೂ ನಿಂತು ಕಾದರು.